ಕಾಣದ ಬೆಳಕಿಗೆ ಬಟನ್ ಒತ್ತಿದೆ

ಕಳೆದ ವಾರ ಮೈಲಾಪೂರಿನಲ್ಲಿ ಹೂವಿನ ಗಾಡಿಯೊಂದಕ್ಕೆ ನಾನು ಸ್ಕೂಟರ್ ಗುದ್ದಿಸಿದೆ. ಗಾಡಿ ಎಡಗಡೆಯಿಂದ ಬಂತಂತೆ. ಆಣೆ ಮಾಡಿ ಹೇಳುತ್ತೇನೆ, ನನ್ನ ಪಾಲಿಗೆ ಅಲ್ಲಿ ಗಾಡಿಯೇ ಇರಲಿಲ್ಲ!

ಹೂವಿನಾಕೆ ತಮಿಳಿನಲ್ಲಿ ನನ್ನ ಮೂರು ತಲೆಮಾರಿಗೂ ಮಂಗಳಾರತಿ ಎತ್ತಿದಳು. ಚೆಲ್ಲಿದ ಮಲ್ಲಿಗೆ ಆರಿಸಿಕೊಟ್ಟು ಮನೆಗೆ ಬಂದರೆ ಹೆಂಡತಿಯ ಸರದಿ. "ಏನ್ರೀ, ಮೊದ್ಲು ಕಣ್ಣು ತೋರಿಸ್ಕೊಂಡು ಬನ್ನಿ. ಆಮೇಲೆ ಸ್ಕೂಟರ್ ಮಾತು."

ಎಗ್ಮೋರ್ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಬಿಳಿ ಬೋಗುಣಿಯಂಥ ಮೆಷಿನ್ನಿನೊಳಗೆ ಮುಖವಿಡಿಸಿ ಕೂರಿಸಿದರು. ನಡುವಿನ ಚುಕ್ಕಿಯನ್ನೇ ನೋಡಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಬಟನ್ ಒತ್ತಬೇಕು. ಅಷ್ಟೇ.

ಆದರೆ ಇದು ಡಿಸೆಂಬರ್, ಸಂಗೀತದ ಸೀಸನ್. ದಿನಾ ಸಂಜೆ ಕಛೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕುವ ಕೈ ನನ್ನದು (ಮೃದಂಗಕ್ಕಿಂತ ಜೋರಾಗಿ, ಎನ್ನುವುದು ಹೆಂಡತಿಯ ದೂರು). ನಾಲ್ಕು ಬೆಳಕು ಕಂಡದ್ದೇ ತಡ, ಬೆರಳು ಆದಿತಾಳ ಹಿಡಿದುಬಿಟ್ಟಿತು. ಟಕ್, ಟಕ್, ಟಕ್.

ಟೆಕ್ನಿಷಿಯನ್ ಹೊಸೂರಿನ ಹುಡುಗಿ, ಕನ್ನಡ ಬಲ್ಲವಳು. "ಸಾರ್, ಲೈಟೇ ಬಂದಿಲ್ಲ, ನೀವು ಒತ್ತಾ ಇದೀರಾ! ನಿಮ್ಮನ್ನ ಚೆಕ್ ಮಾಡಕ್ಕೇ ಮೆಷಿನ್ನು ಮಧ್ಯೆ ಮಧ್ಯೆ ಸುಮ್ನಿರುತ್ತೆ."

ರಿಪೋರ್ಟ್ ಕಸದ ಬುಟ್ಟಿಗೆ ಹೋಯಿತು. ನಾಚಿಕೆಯಾಯಿತು.

ಡಾಕ್ಟರ್ ಕೂರಿಸಿಕೊಂಡು ವಿವರಿಸಿದರು. ಕಣ್ಣಿನ ಒಳಪರದೆಯ ಒಂದೊಂದು ನರಕೋಶಕ್ಕೂ ನೋಟದ ಒಂದೊಂದು ತುಂಡು ಹಂಚಿಕೆಯಾಗಿದೆಯಂತೆ. ತನ್ನ ತುಂಡಿನಲ್ಲಿ ಬೆಳಕು ಬದಲಾದರೆ ಅದು ಚಿಟಪಟ ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಬದಲಾವಣೆ ಜೋರಾದಷ್ಟೂ ಚಿಟಪಟವೂ ಜೋರು. ನನ್ನ ಎಡಗಡೆ ನೋಡಿಕೊಳ್ಳುವ ಕೆಲವು ಕೋಶಗಳು ಸತ್ತಿರಬಹುದು. ಗ್ಲಾಕೋಮಾ ಎಂಬ ಕಾಯಿಲೆಯಿರಬಹುದಂತೆ!

ಹಾಗಾದರೆ ಅಲ್ಲಿ ಕಪ್ಪಗೆ ಕಾಣಬೇಕಲ್ಲ? ಇಲ್ಲವಂತೆ. ಅಕ್ಕಪಕ್ಕದ ಸುದ್ದಿ ಹಿಡಿದು ಮಿದುಳು ಖಾಲಿ ಜಾಗವನ್ನು ತುಂಬಿಬಿಡುತ್ತದೆ. ಕ್ಲಾಸಿಗೆ ಬಾರದ ಗೆಳೆಯನಿಗೆ ನಾವು ಪ್ರಾಕ್ಸಿ ಕೂಗುತ್ತಿರಲಿಲ್ಲವೇ, ಹಾಗೆ. ಗಾಡಿ ಇದ್ದ ಕಡೆ ನನಗೆ ಕಂಡದ್ದು ಬರೀ ರಸ್ತೆ.

ಭಯವಾಯಿತು, ನಿಜ. ಆಮೇಲೆ ಹಟ ಬಂತು. ಮರುದಿನ ಮತ್ತೆ ಹೋಗಿ ಕೂತೆ. ಕಂಡರೆ ಒತ್ತುವುದು, ಕಾಣದಿದ್ದರೆ ಕಲ್ಲಿನ ಹಾಗೆ ಇರುವುದು. ಎಷ್ಟು ಹೊತ್ತು ಏನೂ ಕಾಣಲಿಲ್ಲವೋ! ಬೆರಳು ತುರಿಸುತ್ತಿತ್ತು. ಒತ್ತಲಿಲ್ಲ.

ಈ ಸಲದ ರಿಪೋರ್ಟಿನಲ್ಲಿ ಎಡ ಮೂಲೆಗೆ ಹೆಬ್ಬೆರಳಗಲ ಕಪ್ಪು, ನನಗೆ ಕಾಣದ ಜಾಗದ ಗುರುತು. ಸತ್ತದ್ದು ಬಾರದು, ಉಳಿದದ್ದನ್ನು ಕಾಯಬಹುದು ಎಂದು ಡಾಕ್ಟರ್ ಕಣ್ಣಿನ ಹನಿ ಬರೆದುಕೊಟ್ಟರು. ಮನೆಗೆ ಬಂದವನೇ ಸ್ಕೂಟರ್ ಕೀ ಹೆಂಡತಿಯ ಕೈಗಿಟ್ಟು ರಿಪೋರ್ಟ್ ಬಿಡಿಸಿ ತೋರಿಸಿದೆ.

"ಫೇಲಾಗಿ ಬಂದು ಇಷ್ಟು ಜಂಬಾನಾ ನಿಮ್ಗೆ?" ಎಂದಳು.

ಹೌದು, ಜಂಬವೇ. ಇರುವುದನ್ನು ಉಳಿಸಿಕೊಳ್ಳಬೇಕಾದರೆ, ಹೋದದ್ದೆಷ್ಟು ಎಂದು ಮೊದಲು ಒಪ್ಪಿಕೊಳ್ಳಬೇಡವೇ?