ಔಡಲೆಣ್ಣೆ ಕುಡಿದ ಫಾರಸಿ ಪುಸ್ತಕ

ಸಿರುಗುಪ್ಪದಲ್ಲಿ ನಮ್ಮ ಪಕ್ಕದ ಮನೆಯವಳನ್ನು ನಾನೂ ಅವರ ಮನೆಯವರ ಹಾಗೆ ಆಪಾ, ಅಕ್ಕ, ಎನ್ನುತ್ತೇನೆ. ನನಗಿಂತ ಸ್ವಲ್ಪ ದೊಡ್ಡವಳು. ತಾಯಿಯಿಂದ ಅವಳಿಗೆ ಬಂದದ್ದು ಒಂದೇ, ಕೈಬರಹದ ಫಾರಸಿ ಪ್ರಾರ್ಥನೆಯ ಪುಸ್ತಕ. ನಾನು ಮೂರನೆಯ ತರಗತಿಗೇ ಶಾಲೆ ಬಿಟ್ಟವಳು, ಕನ್ನಡವನ್ನೇ ಕೂಡಿಸಿಕೊಂಡು ಓದುತ್ತೇನೆ. ಆಪಾಗೆ ಉರ್ದು ಬರುತ್ತದೆ, ಫಾರಸಿ ಬಾರದು. ಓದಲು ಬಾರದ ಇಬ್ಬರೂ ಅದನ್ನು ಸುಮ್ಮನೆ ನೋಡುತ್ತ ಎಷ್ಟೋ ಮಧ್ಯಾಹ್ನ ಕಳೆದಿದ್ದೇವೆ. ಮೊದಲ ಪುಟದಲ್ಲಿ ನೀಲಿಯ ಮೇಲೆ ಬಂಗಾರದ ಬಳ್ಳಿ. ಹೊರಗೆ ಕೆಂಪು ಚರ್ಮದ ರಟ್ಟು, ಅದಕ್ಕೆ ಲಕೋಟೆಯ ಹಾಗೆ ಮಡಚುವ ನಾಲಿಗೆ.

ಆ ನಾಲಿಗೆ ಬಿರಿಯಿತು, ಹಾಳೆಗಳು ಬಿಡಿಬಿಡಿಯಾದವು. ಅವರಲ್ಲಿ ಜೀರ್ಣವಾದ ಇಂಥ ಪುಸ್ತಕವನ್ನು ಬಿಸಾಡುವುದಿಲ್ಲ; ಬಿಳಿ ಬಟ್ಟೆ ಸುತ್ತಿ ಕಬರಸ್ತಾನದಲ್ಲಿ ಹೂಳುತ್ತಾರೆ. ಕುರುಗೋಡಿನಿಂದ ಅವಳ ತಮ್ಮ ಬಂದು ನೋಡಿದ.

"ಹಾಳಿ ಕಾಲಾಗ ಬಿದ್ರ ಪಾಪ, ಆಪಾ. ಮಣ್ಣಿಗಿಟ್ಟು ಬಿಡೂನು."

"ನಾ ಇನ್ನೂ ಕುಂತೀನಿ, ಅದನ್ನ ಮೊದ್ಲು ಹುಗೀತಿಯೇನಲೇ?"

ಕೊನೆಗೆ ಇಬ್ಬರೂ ಒಪ್ಪಿದರು. ರಂಜಾನ್ ತಿಂಗಳು ಹುಟ್ಟುವುದರೊಳಗೆ ಹೊಲಿಸಿದರೆ ಪುಸ್ತಕ ಅವಳ ಹತ್ತಿರ, ಇಲ್ಲವಾದರೆ ಮಣ್ಣಿಗೆ.

ಬಳ್ಳಾರಿಗೆ ಬಸ್ಸು ಹತ್ತಿದೆವು. ಗಾಂಧಿನಗರದ ಬೈಂಡರ್ ಪುಸ್ತಕವನ್ನು ತಿರುಗಿಸಿ ನೋಡಿದ.

"ಹೊಲಿತೀನಮ್ಮಾ. ಆದ್ರ ಚರ್ಮ ಒಣಗಿ ಹಪ್ಪಳ ಆಗೈತಿ. ಮೆತ್ತಗಾಗೋತನ ನಾ ಸೂಜಿ ಹಚ್ಚಂಗಿಲ್ಲ."

"ಮೆತ್ತಗ ಮಾಡೋರು ಎಲ್ಲದಾರಪ್ಪಾ?"

"ಹೈದರಾಬಾದಿನ್ಯಾಗ ಇದ್ರೂ ಇರಬೋದು."

ನಮ್ಮ ಕಡೆ ಚರ್ಮವೆಂದರೆ ಎತ್ತಿನ ಕೊರಳಪಟ್ಟಿ, ಬಂಡಿಯ ಬಾರು. ಬಿರುಸಾದರೆ ಔಡಲೆಣ್ಣೆ ತಿಕ್ಕಿ ಬಿಸಿಲಿಗೆ ಇಡುತ್ತೇವೆ. ಆಪಾ ಹಾಗೆಯೇ ಮಾಡಿದಳು. ಮರುದಿನ ರಟ್ಟು ಮಿರಮಿರ ಮಿಂಚುತ್ತಿತ್ತು, ನಾಲಿಗೆ ಹೇಳಿದ ಹಾಗೆ ಮಡಚುತ್ತಿತ್ತು.

"ನೋಡು ತಂಗಿ, ಹೈದರಾಬಾದು ನಮ್ಮ ಅಡಗಿಮನ್ಯಾಗ ಐತಿ!" ಎಂದು ನಕ್ಕಳು.

ಬೈಂಡರನ ಹತ್ತಿರ ಒಯ್ಯಲು ಮುಂದಿನ ವಾರ ಪುಸ್ತಕ ಕಟ್ಟಿಟ್ಟ ಗಂಟು ಬಿಚ್ಚಿದೆವು. ಎಣ್ಣೆ ರಟ್ಟಿನಲ್ಲಿ ನಿಂತಿರಲಿಲ್ಲ, ಒಳಗಿಳಿದಿತ್ತು. ಹಾಳೆಗಳು ಮಿರ್ಚಿ ಭಜಿ ಕಟ್ಟಿದ ಕಾಗದದ ಹಾಗಾಗಿ ಹಿಂದಿನ ಅಕ್ಷರ ಮುಂದೆ ಕಾಣುತ್ತಿತ್ತು. ನೀಲಿ ಕಪ್ಪಾಗಿತ್ತು. ಆಪಾ ಬಳ್ಳಿಯನ್ನು ಮುಟ್ಟಿದಳು. ಬಂಗಾರ ಹೆಬ್ಬೆರಳಿಗೆ ಬಂತು.

"ಒರಿಸಿದ್ರ ಹೋಗತೈತೇನು?"

"ಹೋಗಂಗಿಲ್ಲ," ಎಂದೆ.

ಆದರೂ ಜೋಳದ ಹಿಟ್ಟು ಉದುರಿಸಿ ನೋಡಿದೆವು. ಹಿಟ್ಟೂ ಅಂಟಿಕೊಂಡು ಕುಳಿತಿತು. ಬಳ್ಳಾರಿಗೆ ಹೋಗಲಿಲ್ಲ.

ತಮ್ಮ ಬಂದಾಗ ಆಪಾ ಜಗಳ ತೆಗೆಯಲಿಲ್ಲ. ತಾನೇ ಬಿಳಿ ಬಟ್ಟೆ ಸುತ್ತಿ ಕೊಟ್ಟಳು. ಕಬರಸ್ತಾನಕ್ಕೆ ಅವರ ಹೆಂಗಸರು ಹೋಗುವುದಿಲ್ಲ. ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತೆವು. ಅವನು ಕೈ ತೊಳೆದುಕೊಂಡು ಬಂದ.

"ಎಲ್ಲಿಟ್ಟಿ?"

"ಗೋಡಿ ಬಾಜೂಕ."

"ಯಾವ ಗೋಡಿ?"

"ಯಾವುದಾದ್ರೇನು ಆಪಾ, ನೀ ಏನು ಹೋಗಿ ನೋಡ್ತೀಯೇನು?"

ಅವನು ಹೇಳಿದ್ದು ತಪ್ಪಲ್ಲ. ಆದರೂ ಅವನಿಗೆ ಎರಡು ಬಾರಿಸಬೇಕೆನ್ನಿಸಿತು ನನಗೆ.

ಫೋಟೋ ತೆಗೆದಿಡಬೇಕಿತ್ತು ಎಂದು ಈಗ ಬಂದವರೆಲ್ಲ ಹೇಳುತ್ತಾರೆ. ಆಗ ಒಬ್ಬರೂ ಹೇಳಲಿಲ್ಲ. ಮೊನ್ನೆ ಆಪಾ ಕೇಳಿದಳು, "ಆ ಬಳ್ಳಿಯಾಗ ಹೂವಿನ ಮಗ್ಗಿ ಇದ್ವೋ, ಬರೇ ಎಲಿನೋ ತಂಗಿ?"

ನೆನಪಿಲ್ಲ ಎಂದೆ. ತನಗೂ ಇಲ್ಲ ಎಂದಳು.