ಆರು ಬಳ್ಳಿಯ ಶಿರಾಜ್

ಸಂಪಾಜೆ, ಶನಿವಾರ, ಬೆಳಿಗ್ಗೆ 10:40. ಮಡಿಕೇರಿಗೆ ಹೋಗುವ ದಾರಿಯಲ್ಲಿ ಅಮ್ಮನ ಗೆಳತಿ ಲೀಲಕ್ಕನ ಮನೆಗೆ ಬಂದೆ. ಮೇಜಿನ ಮೇಲೆ ಮನೆಯಲ್ಲೇ ಮಾಡಿದ ವೈನಿನ ಎರಡು ಭರಣಿ. ಒಂದು ಪೇಟೆಯಿಂದ ತಂದ ಬೆಂಗಳೂರು ನೀಲಿ ದ್ರಾಕ್ಷಿಯದು. ಇನ್ನೊಂದು ಹಿಂದಿನ ಗುಡ್ಡದಲ್ಲಿ, ಮಳೆ ತಾಗದ ಹಾಗೆ ಪ್ಲಾಸ್ಟಿಕ್ ಮಾಡಿನಡಿ ಬೆಳೆಸಿದ, ಶಿರಾಜ್ ಎಂಬ ವೈನ್ ದ್ರಾಕ್ಷಿಯ ಆರು ಬಳ್ಳಿಗಳದು. ಮೂರು ವರ್ಷ ಕಾದು ಸಿಕ್ಕಿದ ಮೊದಲ ಫಸಲು.

“ಎಲ್ಲರಿಗೂ ಹಿಡಿಸಿದರೆ ಮಾತ್ರ ಎರಡು ಭರಣಿಯನ್ನೂ ಬೆರೆಸುದು” ಎಂದು ಲೀಲಕ್ಕ ರುಚಿ ನೋಡುವಷ್ಟನ್ನು ಹಾಲು ಅಳೆಯುವ ಸಣ್ಣ ಪಾತ್ರೆ ಕುಡ್ತೆಯಲ್ಲಿ ಅಳೆದರು. ಎರಡು ಕುಡ್ತೆ ನೀಲಿ, ಒಂದು ಕುಡ್ತೆ ಶಿರಾಜ್. ನನಗೂ ರುಚಿ ನೋಡಲು ಬಂದಿದ್ದ ಪಕ್ಕದ ಮನೆಯ ಟೀಚರಿಗೂ ಹಿಡಿಸಿತು. ಲೀಲಕ್ಕನ ಗಂಡ ಮುಖ ಸಿಂಡರಿಸಿದರು; ಲೆಕ್ಕ ಇಡುತ್ತಿದ್ದ ನಾನು ಪುಸ್ತಕದಲ್ಲಿ ‘ಬೇಡ: 1’ ಎಂದು ಬರೆದೆ.

“ಎಂತ ಒಗರು ಮಾರಾಯ್ತಿ! ಆ ಶಿರಾಜ್ ಚೆಲ್ಲುದೇ ಒಳ್ಳೆದು.”

ಚೆಲ್ಲಲೆಂದು ಶಿರಾಜ್ ಭರಣಿ ಎತ್ತಿಕೊಂಡು ಹೊರಟ ಲೀಲಕ್ಕ, ಬಾಗಿಲಲ್ಲಿ ನಿಂತು ಗಂಡನ ಉಬ್ಬಿದ ಕೆನ್ನೆ ನೋಡಿದರು.

“ಬಾಯಲ್ಲಿ ಎಂತ ಉಂಟು?”

“ಒಂದು ಸಣ್ಣ ಹೋಳು ಅಡಿಕೆ.”

“ಅಡಿಕೆ ಜಗಿದು ನನ್ನ ದ್ರಾಕ್ಷಿಗೆ ಒಗರು ಅನ್ನುದಾ? ಬಾಯಿ ತೊಳೆದು ಬನ್ನಿ!”

ಅವರು ಮೂರು ಸಲ ಮುಕ್ಕಳಿಸಿ ಬಂದು ಮತ್ತೆ ಕುಡಿದರು. ಖಾಲಿ ಲೋಟವನ್ನು ಇನ್ನಷ್ಟಕ್ಕೆ ಚಾಚಿದರು.

“ಮೊದಲು ಹೇಗುಂಟು ಹೇಳಿ.”

“ಒಂದೇ ಲೋಟದಲ್ಲಿ ಹೇಗೆ ಗೊತ್ತಾಗುದು?”

ಪುಸ್ತಕದಲ್ಲಿದ್ದ ‘ಬೇಡ: 1’ ಅನ್ನು ಹೊಡೆದು ಹಾಕಿದೆ. ಲೀಲಕ್ಕ ಭರಣಿಯನ್ನು ಮೇಜಿಗೆ ತಂದಿಟ್ಟು ಕುಡ್ತೆ ಕೈಗೆತ್ತಿಕೊಂಡರು.