ಅಂಚಿನ ಮೇಲಿನ ಹೆಸರು

ಹಳೆಯ ಪದಕಗಳ ರೇಷ್ಮೆ ಪಟ್ಟಿಗೆ ಒಂದು ವಾಸನೆ ಇರುತ್ತದೆ. ಮುಗ್ಗಿದ ಬಟ್ಟೆ, ಕರ್ಪೂರ, ಬೆವರು ಒಣಗಿದ ಲೋಹ, ಎಲ್ಲ ಕೂಡಿದ್ದು. ಕಳೆದ ತಿಂಗಳು ಹುಬ್ಬಳ್ಳಿಯ ನಾಣ್ಯ ಪ್ರದರ್ಶನವೊಂದರಲ್ಲಿ ಯಾರೋ ಡಬ್ಬಿ ತೆರೆದಾಗ ಅದು ಮೂಗಿಗೆ ಬಂತು. ವಾಸನೆ ನೆನಪು ತರುತ್ತದೆ ಎಂಬುದು ಕಥೆಗಾರರ ಸೋಗು ಎಂದೇ ವಾದಿಸುತ್ತ ಬಂದವಳು ನಾನು. ಆದರೆ ಆ ಕ್ಷಣ ನಾನು ಸವಣೂರಿನಲ್ಲಿ, ಮಠದ ಹಿಂದಿನ ಓಣಿಯ ನಮ್ಮ ಪಡಸಾಲೆಯಲ್ಲಿ, ಅಜ್ಜನ ಮೊಣಕಾಲಿಗೆ ಒರಗಿ ಕುಳಿತಿದ್ದೆ. ಆ ಮನೆ ಈಗ ಇಲ್ಲ. ಅಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ.

ಅಜ್ಜ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವ. ಸಂಸ್ಥಾನಗಳ ಕಾಲದ ದರ್ಬಾರಿ ಬಿಲ್ಲೆಗಳು, ದೊರೆಗಳು ಕೊಟ್ಟ ಮಾನಪದಕಗಳು, ದಂಡಿಗೆ ಹೋಗಿ ಬಂದವರ ಯುದ್ಧಪದಕಗಳು, ಇವನ್ನು ಹುಡುಕಿಕೊಂಡು ಹಾನಗಲ್ಲು, ಹಿರೇಕೆರೂರು, ಬಂಕಾಪುರ ಅಂತ ಬಸ್ಸಿನಲ್ಲಿ ತಿರುಗುತ್ತಿದ್ದ. ಯುದ್ಧಪದಕದ ಮುಖದ ಮೇಲೆ ದೊರೆಯ ತಲೆ. ದಪ್ಪ ಅಂಚಿನ ಸುತ್ತ, ಕಣ್ಣು ಕಿರಿದು ಮಾಡಿದರಷ್ಟೇ ಕಾಣುವ ಹಾಗೆ, ಸಿಪಾಯಿಯ ನಂಬರು ಮತ್ತು ಹೆಸರು. "ರಾಜಾನ್ನ ನೋಡಬ್ಯಾಡ, ಅಂವಾ ಎಲ್ಲಾದ್ರಾಗೂ ಇರ್ತಾನ. ಅಂಚು ನೋಡು," ಎನ್ನುತ್ತಿದ್ದ. ನನಗೆ ಆಗ ಹದಿಮೂರು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಅವನ ಪದಕಗಳ ಪಕ್ಕದಲ್ಲೇ ಕುಳಿತಿದ್ದವು. ಪುರಾವೆ ಇಲ್ಲದ ಮಾತನ್ನು ನಾನು ಊಟದ ಎಲೆಯ ಮುಂದೆಯೂ ಬಿಡುತ್ತಿರಲಿಲ್ಲ.

ಒಂದು ಸಂಜೆ ಪ್ರಾಥಮಿಕ ಶಾಲೆಯಲ್ಲಷ್ಟೇ ಅಜ್ಜನ ಸಹಪಾಠಿಯಾಗಿದ್ದ, ಕರಿದ ಖಾರ-ಸೇವಿನ ಅಂಗಡಿಯ ರಾಜೇಸಾಬ್ ಚಾಚಾ, ಕರವಸ್ತ್ರದಲ್ಲಿ ಒಂದು ಕಂಚಿನ ಪದಕ ಕಟ್ಟಿಕೊಂಡು ಬಂದರು. ಅವರ ಅಜ್ಜ ಮೊದಲ ಮಹಾಯುದ್ಧಕ್ಕೆಂದು ಇರಾಕಿನ ಬಸ್ರಾಕ್ಕೆ ಹೋಗಿ ತಂದದ್ದಂತೆ. ಬಂಕಾಪುರದ ಬೀಗರು ಮದುವೆಯ ಪಂಕ್ತಿಯಲ್ಲಿ, ನಿಮ್ಮಜ್ಜ ಪುಣೆ ಸಹಿತ ದಾಟಿಲ್ಲ, ಸಂತೆಯಲ್ಲಿ ಕೊಂಡಿದ್ದಾನೆ ಎಂದು ನಕ್ಕಿದ್ದರು. ಚಾಚಾಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. "ಹೆಸರ ಅದನೋ ಇಲ್ಲೋ ನೋಡಿ ಹೇಳ್ರಿ ಮಾಸ್ತರ್ರ," ಎಂದರು. ಪದಕ ನಿನ್ನೆ ಮಾಡಿದ ಹಾಗೆ ಹೊಳೆಯುತ್ತಿತ್ತು. ಅಜ್ಜ ಭೂತಗನ್ನಡಿ ಹಿಡಿದು ತಿರುಗಿಸಿದ, ಮತ್ತೆ ತಿರುಗಿಸಿದ. ನಾನು ಕಸಿದುಕೊಂಡು ನೋಡಿದೆ.

"ಏನೂ ಇಲ್ಲ ಚಾಚಾ, ಅಂಚು ಖಾಲಿ. ಹೆಸರಿಲ್ಲಂದ್ರ ಪುರಾವೆ ಇಲ್ಲ. ಯಾರದರೆ ಇರಬಹುದು."

ಚಾಚಾ ನಕ್ಕರು. "ವಕೀಲಬಾಯಿ ತೀರ್ಪ ಕೊಟ್ರಲ್ಲ." ಪದಕವನ್ನು ಅಜ್ಜನ ಕಡೆ ಸರಿಸಿದರು. "ನಿಮ್ಮ ಡಬ್ಬ್ಯಾಗ ಇಟ್ಕೋರಿ. ಯಾರದೋ ವಸ್ತು ನಮ್ಮ ಮನ್ಯಾಗ ಯಾಕ." ತಂದಿಟ್ಟ ಚಹಾ ಕುಡಿಯದೆ ಮೆಟ್ಟಿಲಿಳಿದರು.

ಅಜ್ಜ ಬೈಯಲಿಲ್ಲ. ಬೈದಿದ್ದರೆ ಮರುವಾದ ಮಾಡುತ್ತಿದ್ದೆ. ಮರುದಿನ ಪದಕ ಕಿಸೆಗೆ ಹಾಕಿಕೊಂಡು, "ನಿನ್ನೆ ವಿರೋಧ ಮಾತಾಡಿದಿ. ಇವತ್ತ ಪರ ಮಾತಾಡು, ನಡಿ," ಎಂದು ಕೈ ಹಿಡಿದು ಖಾರದ ಅಂಗಡಿಗೆ ಕರೆದೊಯ್ದ. ಬಾಣಲೆಯ ಎಣ್ಣೆ ಸದ್ದು ಮಾಡುತ್ತಿತ್ತು, ಮೆಣಸಿನ ಘಾಟಿಗೆ ಕಣ್ಣು ಉರಿಯುತ್ತಿತ್ತು, ನನ್ನ ತಲೆಯಲ್ಲಿ ಒಂದು ಅಂಶವೂ ಇರಲಿಲ್ಲ. ಹೊತ್ತು ಕಳೆಯಲೆಂದೇ, ಅಜ್ಜ ಕಿಸೆಯಿಂದ ತೆಗೆದುಕೊಟ್ಟ ಪದಕ ತೋರಿಸಿ, ಇದು ಇಷ್ಟು ಯಾಕೆ ಹೊಳೆಯುತ್ತದೆ ಎಂದು ಕೇಳಿದೆ.

"ಹೊಳೀಲಾರದ ಏನ್ ಮಾಡ್ತದ?" ಚಾಚಾ ಕೈಯಲ್ಲಿದ್ದ ತೂತಿನ ಸೌಟಿನಿಂದ ಕಣ್ಣೆತ್ತಲಿಲ್ಲ. "ಪ್ರತಿ ಈದಿಗೂ ನಮ್ಮ ಅಬ್ಬಾ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕತಿದ್ರು. ಈಗ ನಾ ತಿಕ್ಕತೇನಿ. ಅಜ್ಜಂದಂದ್ರ ಕಪ್ಪಾಗಾಕ ಬಿಡ್ತೇವೇನು?"

ಆಗ ಬಾಯಿ ತಾನೇ ತೆರೆಯಿತು. "ಹಂಗಾರ ಹೆಸರು ಇತ್ತು ಚಾಚಾ. ನೀವಽ ತಿಕ್ಕಿ ತಗದೀರಿ. ಸಂತ್ಯಾಗ ಕೊಂಡದ್ದನ್ನ ಯಾರರೆ ಎರಡು ತಲೆಮಾರು ತಿಕ್ಕತಾರೇನು? ಅಂಚು ಖಾಲಿ ಅದ ಅನ್ನೂದಽ ಪುರಾವೆ."

ಚಾಚಾ ಒಲೆ ಸಣ್ಣ ಮಾಡಿದರು. ಹಿಟ್ಟಿನ ಕೈಯಲ್ಲೇ ಪದಕ ತೆಗೆದುಕೊಂಡು ಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು. "ಕೇಳಿದ್ರೇನ್ರಿ ಮಾಸ್ತರ್ರ, ನನ್ನ ತಪ್ಪಽ ನನ್ನ ಸಾಕ್ಷಿ ಆತು," ಎಂದು ಅದನ್ನು ಎದೆಯ ಕಿಸೆಗೆ ಇಳಿಸಿದರು. ಬಿಸಿ ಖಾರದ ಪೊಟ್ಟಣ ನನ್ನ ಕೈಗಿಟ್ಟು, ಬಹುಮಾನ ಎಂದರು.

ಕಾಲೇಜಿಗೆ ಬಂದ ಮೇಲೆ ಓದಿ ತಿಳಿದೆ, ಕೆಲವು ಪದಕಗಳು ಮೊದಲಿನಿಂದಲೇ ಹೆಸರಿಲ್ಲದೆ ಬರುತ್ತಿದ್ದವಂತೆ. ಹುಣಸೆಹಣ್ಣು ಕೊರೆದ ಅಕ್ಷರವನ್ನು ಪೂರ್ತಿ ಅಳಿಸಬಲ್ಲದೇ ಎಂಬ ಅನುಮಾನವೂ ನನಗಿದೆ. ನನ್ನ ವಾದವನ್ನು ಎರಡೇ ಮಾತಿನಲ್ಲಿ ಕೆಡವಬಲ್ಲೆ. ಅಜ್ಜನಿಗೆ ಇದು ಆವತ್ತೇ ಗೊತ್ತಿದ್ದಿರಬೇಕು, ಕೇಳೋಣವೆಂದರೆ ಅವನಿಲ್ಲ. ಅವನು ಹೋದ ಮರುವರ್ಷ ಚಾಚಾನೂ ಹೋದರು. ಹೋದ ವಾರ ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವರ ಮೊಮ್ಮಗಳು ಸಿಕ್ಕಳು, ಶಾಲೆಯ ಸಮವಸ್ತ್ರದಲ್ಲಿ, ಎರಡು ಜಡೆ ಹಾಕಿಕೊಂಡು. "ಅಕ್ಕಾರ, ನಮ್ಮ ದಾದಾನ ಅಜ್ಜ ಬಸ್ರಾಕ್ಕ ಹೋಗಿದ್ದು ಖರೇನೇನ್ರಿ?" ಎಂದು ಕೇಳಿದಳು.

"ಖರೆ," ಎಂದೆ. ಪುರಾವೆ ಕೇಳುವವಳು ಅಲ್ಲಿ ನಾನೊಬ್ಬಳೇ ಇದ್ದೆ. ಕೇಳಲಿಲ್ಲ.